ಒಗಟಿನ ಕೆಳಗೆ ಉತ್ತರ ಬೇಡ, ಓದುಗರ ವಾದ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುವ ಲೆಕ್ಕದ ಒಗಟನ್ನು ನಾನು ತಪ್ಪದೆ ನೋಡುತ್ತೇನೆ. ಒಗಟುಗಳು ಚೆನ್ನಾಗಿಯೇ ಇರುತ್ತವೆ. ನನ್ನ ತಕರಾರು ಅದರ ಕೆಳಗೆ ತಲೆಕೆಳಗಾಗಿ ಅಚ್ಚಾಗುವ ಒಂದು ಸಾಲಿನ ಬಗ್ಗೆ. 'ಉತ್ತರ: 17' ಅಂತ ಇರುತ್ತದೆ, ಅಷ್ಟೇ. ಆ 17 ಹೇಗೆ ಬಂತು, 18 ಯಾಕಲ್ಲ, ಇನ್ನೊಂದು ಉತ್ತರವೂ ಇರಬಹುದಾ, ಯಾವುದೂ ಇಲ್ಲ. ಪೇಪರ್ ತಿರುಗಿಸಿ ನೋಡಿದರೆ ಮುಗಿಯಿತು. ಆ ಸಾಲನ್ನು ತೆಗೆದುಬಿಡಿ, ಅದರ ಬದಲು ಮುಂದಿನ ವಾರ ಓದುಗರು ಕಳಿಸಿದ ವಾದಗಳನ್ನು ಹಾಕಿ ಎಂದು ಕೇಳುವುದಕ್ಕೆ ಈ ಪತ್ರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಹಳೆಯ ವಿದ್ಯಾರ್ಥಿಗಳು, ಅವರ ಸ್ನೇಹಿತರು, ಒಂದಿಬ್ಬರು ಮೇಷ್ಟ್ರುಗಳು ಸೇರಿ ನಮ್ಮದೊಂದು ವಾಟ್ಸ್‌ಆ್ಯಪ್ ಗುಂಪು ಇದೆ. ಕುಂದಾಪುರದಲ್ಲಿ ಒಬ್ಬರು, ದಾಂಡೇಲಿಯಲ್ಲಿ ಒಬ್ಬರು, ದುಬೈನಲ್ಲಿ ಒಬ್ಬರು, ಹೀಗೆ ಎಲ್ಲೆಲ್ಲೋ ಇದ್ದಾರೆ. ಒಬ್ಬರಿಗೆ ಗೊಬ್ಬರದ ಅಂಗಡಿ, ಒಬ್ಬಳು ನರ್ಸು, ಇಬ್ಬರು ಸಾಫ್ಟ್‌ವೇರ್‌ನವರು. ಗುಡ್ ಮಾರ್ನಿಂಗ್ ಚಿತ್ರಗಳಿಗೆ ಅಲ್ಲಿ ಜಾಗ ಇಲ್ಲ. ಒಂದು ಒಗಟು ಹಾಕುತ್ತೇವೆ, ಅದು ಮುಗಿಯುವವರೆಗೆ ಇನ್ನೊಂದಿಲ್ಲ. ಬರೀ ಉತ್ತರ ಹಾಕುವ ಹಾಗಿಲ್ಲ, ಕಾರಣ ಬರೆಯಬೇಕು. ಅರ್ಧ ಹೊಳೆದಿದ್ದರೆ ಅರ್ಧವನ್ನೇ ಬರೆಯಬಹುದು, ಯಾರೂ ನಗುವುದಿಲ್ಲ. ಗೂಗಲ್‌ನಲ್ಲಿ ಹುಡುಕಿದವರು ಸುಮ್ನೆ ಇರಬೇಕು. ಮನಸ್ಸು ಬದಲಾದರೆ ಯಾವ ಮಾತಿನಿಂದ ಬದಲಾಯಿತು ಅಂತ ಹೇಳಬೇಕು. ಈ ಕೊನೆಯ ನಿಯಮ ನನಗೆ ಎಲ್ಲಕ್ಕಿಂತ ಇಷ್ಟ. ಯಾಕೆಂದರೆ ಯಾವ ವಾಕ್ಯ ಇನ್ನೊಬ್ಬರ ತಲೆಯಲ್ಲಿ ಬೆಳಕು ಹಚ್ಚಿತು ಅಂತ ತಿಳಿದರೆ ಕಲಿಸುವುದು ಹೇಗೆ ಅನ್ನುವುದೂ ತಿಳಿಯುತ್ತದೆ. ತರಗತಿಯಲ್ಲಿ ಅದು ನಮಗೆ ಗೊತ್ತಾಗುವುದೇ ಇಲ್ಲ, ಮಕ್ಕಳು ಹೂಂ ಅಂದುಬಿಡುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ, ಇದು ನಮ್ಮ ನೆಲದ್ದೇ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ಕೊಟ್ಟ ಲೆಕ್ಕ. ಪಣ ಅಂದರೆ ಆಗಿನ ನಾಣ್ಯ. ಪಾರಿವಾಳ 3 ಪಣಕ್ಕೆ 5. ಸಾರಸ 5 ಪಣಕ್ಕೆ 7. ಹಂಸ 7 ಪಣಕ್ಕೆ 9. ನವಿಲು 9 ಪಣಕ್ಕೆ 3. ರಾಜಕುಮಾರನ ಆಟಕ್ಕೆಂದು 100 ಪಣ ಕೊಟ್ಟು 100 ಹಕ್ಕಿ ತರಬೇಕು. ಯಾವುದಕ್ಕೆ ಎಷ್ಟೆಷ್ಟು ಕೊಡಬೇಕು?

ಇದನ್ನು ಗುಂಪಿನಲ್ಲಿ ಹಾಕಿದಾಗ ಆದದ್ದು ಕೇಳಿ. ಮೊದಲು ದುಬೈನಿಂದ ಉತ್ತರ ಬಂತು: 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು. ಕೂಡಿಸಿ ನೋಡಿದೆವು, ಹಕ್ಕಿ 100, ಪಣವೂ 9, 20, 35, 36 ಸೇರಿ 100. ಸರಿ, ಮುಗಿಯಿತು ಅಂದುಕೊಳ್ಳುವಾಗ ದಾಂಡೇಲಿಯಿಂದ ಇನ್ನೊಂದು ಬಂತು: 55 ಪಾರಿವಾಳ, 21 ಸಾರಸ, 9 ಹಂಸ, 15 ನವಿಲು. ಅದೂ ಸರಿ! ನಿಮ್ಮ ಪುಟದಲ್ಲಾಗಿದ್ದರೆ ತಲೆಕೆಳಗಾಗಿ ಒಂದು ಉತ್ತರ ಇರುತ್ತಿತ್ತು, ಇನ್ನೊಂದನ್ನು ಕಂಡುಕೊಂಡ ಹುಡುಗಿ ತನ್ನದು ತಪ್ಪು ಅಂತ ಹಾಳೆ ಹರಿದು ಹಾಕುತ್ತಿದ್ದಳು. ಇಲ್ಲಿ ಹಾಗಾಗಲಿಲ್ಲ. ಹಾಗಾದರೆ ಒಟ್ಟು ಎಷ್ಟು ಉತ್ತರ ಇದೆ ಅನ್ನುವ ಪ್ರಶ್ನೆ ಹುಟ್ಟಿತು, ಅದು ಮೊದಲಿನದಕ್ಕಿಂತ ಒಳ್ಳೆಯ ಪ್ರಶ್ನೆ.

ಕೀಲಿ ಸಿಕ್ಕಿದ್ದು ಗೊಬ್ಬರದ ಅಂಗಡಿಯವರಿಗೆ. ಅವರು ಬೀಜಗಣಿತವನ್ನು ಮುಟ್ಟಲೇ ಇಲ್ಲ. ವಾಯ್ಸ್ ಮೆಸೇಜಿನಲ್ಲಿ ಹೇಳಿದ್ದು ಇಷ್ಟು: ಹಕ್ಕಿಗೆ ಒಂದು ಪಣ ಅಂತ ದರ ಇಟ್ಟುಕೊಂಡರೆ, 5 ಪಾರಿವಾಳದ ಒಂದು ಕಟ್ಟು ತಂದರೆ 2 ಪಣ ಉಳಿಯುತ್ತದೆ. 7 ಸಾರಸದ ಕಟ್ಟಿನಲ್ಲೂ 2, 9 ಹಂಸದ ಕಟ್ಟಿನಲ್ಲೂ 2. ನವಿಲಿನ ಕಟ್ಟಿನಲ್ಲಿ ಮಾತ್ರ 6 ಪಣ ಕೈಬಿಡುತ್ತದೆ. ಕೊನೆಗೆ ಲಾಭ ನಷ್ಟ ಎರಡೂ ಇಲ್ಲದೆ ಸಮ ಆಗಬೇಕು. ಅಂದರೆ ನವಿಲಿನ ಒಂದು ಕಟ್ಟಿಗೆ ಉಳಿದ ಮೂರು ಕಟ್ಟು ಇರಲೇಬೇಕು. ಆಮೇಲಿನದು ಸುಲಭ. ನವಿಲಿನ ಕಟ್ಟು 3 ಆದರೆ ಬೇರೆ 9 ಕಟ್ಟುಗಳಲ್ಲಿ 91 ಹಕ್ಕಿ ಬರಬೇಕು, ಎಲ್ಲ ಹಂಸವೇ ಆದರೂ 81 ದಾಟುವುದಿಲ್ಲ. ನವಿಲಿನ ಕಟ್ಟು 6 ಆದರೆ ಬೇರೆ 18 ಕಟ್ಟು, ಎಲ್ಲ ಪಾರಿವಾಳ ಅಂದರೂ 90 ಆಗುತ್ತದೆ, ಬೇಕಾದದ್ದು 82. ಹಾಗಾಗಿ ನವಿಲಿನ ಕಟ್ಟು 4 ಅಥವಾ 5 ಮಾತ್ರ. ನಾಲ್ಕೂ ಜಾತಿಯ ಹಕ್ಕಿ ಇರಬೇಕು, ಕಟ್ಟು ಒಡೆಯುವ ಹಾಗಿಲ್ಲ ಅಂತ ಇಟ್ಟುಕೊಂಡರೆ 4ಕ್ಕೆ ನಾಲ್ಕು ಉತ್ತರ, 5ಕ್ಕೆ ಎರಡು, ಒಟ್ಟು 6. ಉಳಿದ ನಾಲ್ಕನ್ನು ನಾನು ಇಲ್ಲಿ ಬರೆಯುವುದಿಲ್ಲ, ಓದುಗರು ಹುಡುಕಲಿ. ಜಾತಿಯೊಂದು ಬಿಟ್ಟುಹೋದರೂ ಪರವಾಗಿಲ್ಲ ಅಂದರೆ ಇನ್ನೂ ಕೆಲವು ಸಿಗುತ್ತವೆ, ಅವನ್ನೂ ಹುಡುಕಲಿ.

ನಾನು ವರ್ಷಗಟ್ಟಲೆ ಸಮೀಕರಣ ಕಲಿಸಿದವಳು. ಆದರೆ ಅಂಗಡಿಯಲ್ಲಿ ಕೂತವರು ಹೇಳಿದ ಈ ದಾರಿ ನನ್ನ ಬೋರ್ಡಿನ ದಾರಿಗಿಂತ ಸ್ವಚ್ಛವಾಗಿದೆ ಅಂತ ಖುಷಿಯಿಂದ ಹೇಳುತ್ತೇನೆ. ಒಬ್ಬರೇ ಕೂತು ಬಿಡಿಸಿದರೆ ಇಂಥದ್ದು ಸಿಗುವುದು ಕಷ್ಟ. ಒಬ್ಬೊಬ್ಬರ ತಲೆ ಒಂದೊಂದು ಕಡೆಯಿಂದ ಹೋಗುತ್ತದೆ ಅಲ್ವಾ, ಅದೇ ಇದರ ಬಲ.

ಈಗ ಇದಕ್ಕೆ ತದ್ವಿರುದ್ಧವಾದ ಒಂದು ವಿಷಯ. 2019ರಲ್ಲಿ 8÷2(2+2) ಎಷ್ಟು ಅನ್ನುವ ಪ್ರಶ್ನೆ ಜಗತ್ತಿನ ಎಲ್ಲ ಫೋನುಗಳಲ್ಲಿ ಓಡಾಡಿತು, ಈಗಲೂ ಅಂಕಿ ಬದಲಿಸಿಕೊಂಡು ಬರುತ್ತಲೇ ಇದೆ. 'ಜೀನಿಯಸ್‌ಗಳು ಮಾತ್ರ ಉತ್ತರಿಸಬಲ್ಲರು' ಅಂತ ಮೇಲೊಂದು ಸಾಲು ಬೇರೆ. ಕೆಲವರು 16 ಅನ್ನುತ್ತಾರೆ, ಕೆಲವರು 1 ಅನ್ನುತ್ತಾರೆ, ಆಮೇಲೆ ಬೈದಾಟ. ಎಡದಿಂದ ಬಲಕ್ಕೆ ಮಾಡಿಕೊಂಡು ಹೋದರೆ 16. ಆವರಣದ ಪಕ್ಕ ಅಂಟಿಕೊಂಡಿರುವ 2 ಅನ್ನು ಆವರಣದ ಜೊತೆಗೇ ಸೇರಿಸಿ ಓದಿದರೆ 1. ಕ್ಯಾಲ್ಕ್ಯುಲೇಟರ್‌ಗಳೇ ಒಂದೊಂದು ಒಂದೊಂದು ತೋರಿಸುತ್ತವೆ. ನನ್ನ ಪ್ರಕಾರ ಇದು ಒಗಟೇ ಅಲ್ಲ. ಸರಿಯಾಗಿ ಬರೆಯದ ಲೆಕ್ಕ, ಅಷ್ಟೇ. ಇನ್ನೊಂದು ಜೊತೆ ಆವರಣ ಹಾಕಿದರೆ ಜಗಳವೇ ಇಲ್ಲ. ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ, ಹಾಗಾಗಿಯೇ ಜನ ಕೂಗಾಡುತ್ತಾರೆ. ದಯವಿಟ್ಟು ಇಂಥದ್ದನ್ನು ನಿಮ್ಮ ಪುಟದಲ್ಲಿ ಹಾಕಬೇಡಿ. ಮಕ್ಕಳಿಗೆ ಗಣಿತ ಅಂದರೆ ಗುದ್ದಾಟ ಅನ್ನಿಸುತ್ತದೆ, ಬುದ್ಧಿವಂತರು ದಡ್ಡರು ಅಂತ ಜನರನ್ನು ಬೇರೆ ಮಾಡುವ ಆಟ ಅನ್ನಿಸುತ್ತದೆ.

ನಿಜವಾದ ಜಗಳ ಹೇಗಿರುತ್ತದೆ ಅನ್ನುವುದಕ್ಕೆ ಮೂರು ಬಾಗಿಲಿನ ಒಗಟು ನೋಡಿ. ಪತ್ರಿಕೆಯವರಾದ ನಿಮಗೆ ಇದರ ಕಥೆ ಹಿಡಿಸಬಹುದು, ಯಾಕೆಂದರೆ ಇದು ಹುಟ್ಟಿದ್ದೇ ಸಂಪಾದಕರಿಗೆ ಬರೆದ ಒಂದು ಪತ್ರದಲ್ಲಿ. 1975ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಸ್ಟೀವ್ ಸೆಲ್ವಿನ್ ಅಲ್ಲಿನ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರ ಸಂಪಾದಕರಿಗೆ ಬರೆದರು. ಆಗ ಅಲ್ಲಿ ಟಿವಿ ಆಟವೊಂದನ್ನು ನಡೆಸಿಕೊಡುತ್ತಿದ್ದ ಮಾಂಟಿ ಹಾಲ್ ಎಂಬುವವರ ಹೆಸರೇ ಒಗಟಿಗೂ ಬಂತು. ಆಟ ಇದು. ಮೂರು ಬಾಗಿಲು. ಒಂದರ ಹಿಂದೆ ಕಾರು, ಎರಡರ ಹಿಂದೆ ಆಡು. ನೀವು ಒಂದು ಬಾಗಿಲು ಆರಿಸುತ್ತೀರಿ. ಕಾರು ಎಲ್ಲಿದೆ ಅಂತ ಗೊತ್ತಿರುವ ನಿರೂಪಕ ಉಳಿದ ಎರಡರಲ್ಲಿ ಆಡಿರುವ ಒಂದನ್ನು ತೆಗೆದು ತೋರಿಸುತ್ತಾನೆ. ಈಗ ಬಾಗಿಲು ಬದಲಿಸುತ್ತೀರಾ ಅಂತ ಕೇಳುತ್ತಾನೆ. ಬದಲಿಸಿದರೆ ಲಾಭವಾ?

1990ರ ಸೆಪ್ಟೆಂಬರಿನಲ್ಲಿ ಮೆರಿಲಿನ್ ವೋಸ್ ಸವಾಂಟ್ ಎಂಬ ಅಂಕಣಕಾರ್ತಿ ಅಮೆರಿಕದ ಪತ್ರಿಕೆಗಳ ಜೊತೆ ಬರುತ್ತಿದ್ದ ಭಾನುವಾರದ ಪುರವಣಿಯೊಂದರಲ್ಲಿ ಇದಕ್ಕೆ ಉತ್ತರ ಬರೆದರು: ಬದಲಿಸಿ, ಗೆಲ್ಲುವ ಸಾಧ್ಯತೆ ಮೂರರಲ್ಲಿ ಎರಡು. ಅಷ್ಟಕ್ಕೇ ಸುಮಾರು 10,000 ಪತ್ರ ಬಂದವು. ಹೆಚ್ಚಿನವರು ನಿಮ್ಮದು ತಪ್ಪು ಅಂತಲೇ ಬರೆದಿದ್ದರು. ಬರೆದವರಲ್ಲಿ ಸುಮಾರು ಸಾವಿರ ಜನ ಪಿಎಚ್‌ಡಿ ಮಾಡಿದವರು. ಆಕೆ ಮಣಿಯಲಿಲ್ಲ. ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ವಿವರಿಸಿದರು. ಕೊನೆಗೆ ಶಾಲೆಗಳಿಗೆ ಹೇಳಿದರು: ಮೂರು ಕಾಗದದ ಲೋಟ ಮತ್ತು ಒಂದು ನಾಣ್ಯ ತಗೊಳ್ಳಿ, ತರಗತಿಯಲ್ಲಿ ಆಡಿ, ಎಣಿಸಿ. ಮಕ್ಕಳು ಆಡಿದರು, ಎಣಿಸಿದರು, ಆಕೆ ಹೇಳಿದ್ದೇ ಸರಿ ಅಂತ ಬರೆದರು. ಪಾಲ್ ಎರ್ಡೊಶ್ ಅವರಂಥ ದೊಡ್ಡ ಗಣಿತಜ್ಞರು ಕೂಡ ಮೊದಲು ಒಪ್ಪಿರಲಿಲ್ಲ, ಸ್ನೇಹಿತರೊಬ್ಬರು ಕಂಪ್ಯೂಟರಿನಲ್ಲಿ ಈ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದ ಮೇಲೆ ಒಪ್ಪಿದರು.

ಕಾರಣ ಕಷ್ಟದ್ದಲ್ಲ. ನೀವು ಮೊದಲನೇ ಬಾಗಿಲು ಹಿಡಿದಿರಿ ಅನ್ನಿ. ಕಾರು ಮೊದಲನೆಯದರ ಹಿಂದೆಯೇ ಇದ್ದರೆ ಬದಲಿಸಿದವರು ಸೋಲುತ್ತಾರೆ. ಎರಡನೆಯದರ ಹಿಂದೆ ಇದ್ದರೆ ನಿರೂಪಕ ಮೂರನೆಯದನ್ನು ತೆಗೆಯಲೇಬೇಕು, ಬದಲಿಸಿದವರು ಗೆಲ್ಲುತ್ತಾರೆ. ಮೂರನೆಯದರ ಹಿಂದೆ ಇದ್ದರೂ ಅಷ್ಟೇ. ಮೂರರಲ್ಲಿ ಎರಡು ಸಲ ಗೆಲುವು. ಇಷ್ಟೇ.

ಆದರೆ ನಮ್ಮ ಗುಂಪಿನಲ್ಲಿ ಇದು ಬಂದಾಗ ನಿಜವಾದ ಮಜಾ ಇದರ ನಂತರ ಶುರುವಾಯಿತು. ನರ್ಸ್ ಆಗಿರುವ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಮೇಡಂ, ಕಾರು ಎಲ್ಲಿದೆ ಅಂತ ಆ ಮನುಷ್ಯನಿಗೆ ಗೊತ್ತಿಲ್ಲದಿದ್ದರೆ? ಕೈಗೆ ಸಿಕ್ಕ ಬಾಗಿಲು ತೆಗೆದು, ಅದೃಷ್ಟಕ್ಕೆ ಆಡು ಕಂಡಿದ್ದರೆ? ಕಣ್ಣಿಗೆ ಕಾಣುವುದು ಎರಡರಲ್ಲೂ ಒಂದೇ, ತೆರೆದ ಬಾಗಿಲು, ಅದರಲ್ಲಿ ಆಡು. ಉತ್ತರವೂ ಒಂದೇ ಇರಬೇಕಲ್ವಾ ಅಂತ ಎಷ್ಟೋ ಜನ ವಾದಿಸಿದರು. ಒಂದೇ ಅಲ್ಲ! ಕಾರು ಮೂರು ಕಡೆ ಇರಬಹುದು, ಆತ ಉಳಿದ ಎರಡರಲ್ಲಿ ಯಾವುದನ್ನಾದರೂ ತೆಗೆಯಬಹುದು, ಒಟ್ಟು ಆರು ಸಮಾನ ಸಾಧ್ಯತೆ. ಅವುಗಳಲ್ಲಿ ಎರಡರಲ್ಲಿ ಕಾರೇ ಕಂಡುಬಿಡುತ್ತದೆ, ಅವು ಲೆಕ್ಕಕ್ಕಿಲ್ಲ. ಉಳಿದ ನಾಲ್ಕರಲ್ಲಿ ಎರಡು ಸಲ ಕಾರು ನಮ್ಮ ಬಾಗಿಲಿನಲ್ಲಿ, ಎರಡು ಸಲ ಇನ್ನೊಂದರಲ್ಲಿ. ಅಂದರೆ ಅರ್ಧಕ್ಕರ್ಧ. ಬದಲಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಏನು ಕಂಡಿತು ಅನ್ನುವುದು ಸಾಲದು, ತೋರಿಸಿದವನಿಗೆ ಏನು ಗೊತ್ತಿತ್ತು ಅನ್ನುವುದೂ ಲೆಕ್ಕಕ್ಕೆ ಬರಬೇಕು. ಸಂಭವನೀಯತೆಯ ಪಾಠದಲ್ಲಿ ನಾನು ದಾಳ, ನಾಣ್ಯ, ಇಸ್ಪೀಟು ಅಂತ ಏನೆಲ್ಲ ಹೇಳಿದ್ದೇನೆ, ಇಷ್ಟು ಆಳಕ್ಕೆ ಪಾಠಪುಸ್ತಕ ಹೋಗುವುದಿಲ್ಲ. ಒಬ್ಬ ನರ್ಸು ರಾತ್ರಿ ಡ್ಯೂಟಿಯ ಮಧ್ಯೆ ಕೇಳಿದ ಪ್ರಶ್ನೆಯಿಂದ ನಾವೆಲ್ಲ ಅಲ್ಲಿಗೆ ಹೋದೆವು.

ಎಲ್ಲ ಒಗಟೂ ಹೀಗೆ ಬಗೆಹರಿಯುತ್ತದೆ ಅಂತಲ್ಲ. ನಿದ್ದೆಯ ಸುಂದರಿ ಅಂತ ಒಂದು ವಿರೋಧಾಭಾಸ ಇದೆ. ಭಾನುವಾರ ಆಕೆಯನ್ನು ಮಲಗಿಸಿ ನಾಣ್ಯ ಚಿಮ್ಮುತ್ತಾರೆ. ಹೆಡ್ ಬಿದ್ದರೆ ಸೋಮವಾರ ಒಮ್ಮೆ ಎಬ್ಬಿಸುತ್ತಾರೆ. ಟೇಲ್ ಬಿದ್ದರೆ ಸೋಮವಾರ ಎಬ್ಬಿಸಿ, ಎದ್ದದ್ದನ್ನು ಮರೆಸಿ ಮತ್ತೆ ಮಲಗಿಸಿ, ಮಂಗಳವಾರ ಇನ್ನೊಮ್ಮೆ ಎಬ್ಬಿಸುತ್ತಾರೆ. ಎದ್ದಾಗಲೆಲ್ಲ ಕೇಳುತ್ತಾರೆ, ನಾಣ್ಯ ಹೆಡ್ ಬಿದ್ದಿರುವ ಸಾಧ್ಯತೆ ಎಷ್ಟು? ಅರ್ಧ ಅನ್ನುವ ಪಕ್ಷ ಒಂದು, ಮೂರರಲ್ಲಿ ಒಂದು ಅನ್ನುವ ಪಕ್ಷ ಇನ್ನೊಂದು. 1999ರಲ್ಲಿ, ಇಂಟರ್ನೆಟ್ಟಿನ ಒಂದು ಚರ್ಚಾಗುಂಪಿನಲ್ಲಿ, ಒಗಟು ಬಿಡಿಸುವವರು ಇದನ್ನು ಹಿಡಿದು ಜಗ್ಗಾಡಿದ್ದರು. 2000ದಲ್ಲಿ ತತ್ವಶಾಸ್ತ್ರಜ್ಞ ಆ್ಯಡಮ್ ಎಲ್ಗಾ ಮೂರರಲ್ಲಿ ಒಂದು ಅಂತ ಪ್ರಬಂಧ ಬರೆದರು, ಮರುವರ್ಷ ಡೇವಿಡ್ ಲೂಯಿಸ್ ಅಲ್ಲ, ಅರ್ಧ ಅಂತ ಬರೆದರು. ಇವತ್ತಿಗೂ ಮುಗಿದಿಲ್ಲ. ನಾನು ಮೂರರಲ್ಲಿ ಒಂದರ ಕಡೆ. ಎದ್ದಾಗಲೆಲ್ಲ ಒಂದು ಬಾಜಿ ಕಟ್ಟುವುದಾದರೆ, ಈ ಪ್ರಯೋಗವನ್ನು ತುಂಬಾ ಸಲ ಮಾಡಿದಾಗ, ಎದ್ದ ಮೂರರಲ್ಲಿ ಒಂದು ಸಲ ಮಾತ್ರ ಹೆಡ್ ಇರುತ್ತದೆ. ಕುಂದಾಪುರದವರು ಅರ್ಧದ ಕಡೆ, ಬಿಡುವುದೇ ಇಲ್ಲ. ಆಕೆಗೆ ಎದ್ದಾಗ ಹೊಸದೇನೂ ತಿಳಿಯಲಿಲ್ಲ, ಎಬ್ಬಿಸುತ್ತಾರೆ ಅಂತ ಮೊದಲೇ ಗೊತ್ತಿತ್ತು, ಮತ್ತೆ ಸಾಧ್ಯತೆ ಯಾಕೆ ಬದಲಾಗಬೇಕು ಅಂತ ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆ, ಅದನ್ನು ತಳ್ಳಿಹಾಕುವುದಕ್ಕೆ ಆಗುವುದಿಲ್ಲ. ಇದರಲ್ಲಿ ತಲೆಕೆಳಗಾಗಿ ಅಚ್ಚು ಹಾಕುವುದಕ್ಕೆ ನಿಮಗೆ ಏನು ಸಿಗುತ್ತದೆ ಹೇಳಿ? ಆದರೆ ಇದರಷ್ಟು ಒಳ್ಳೆಯ ಭಾನುವಾರದ ಓದು ಬೇರೆ ಇಲ್ಲ.

ಇದೆಲ್ಲ ಹೊತ್ತು ಕಳೆಯುವ ಆಟ ಅಂತ ಯಾರಾದರೂ ಅಂದರೆ, ಈ ರೀತಿಯಿಂದಲೇ ದೊಡ್ಡ ಗಣಿತವೂ ಆಗಿದೆ ಅನ್ನುವುದನ್ನು ನೆನಪಿಸಬೇಕು. 2009ರ ಜನವರಿಯಲ್ಲಿ ಕೇಂಬ್ರಿಡ್ಜಿನ ಟಿಮೊತಿ ಗವರ್ಸ್, ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬಂದವರು, ಒಂದು ಪ್ರಶ್ನೆ ಎತ್ತಿದರು: ತುಂಬಾ ಜನ ಒಟ್ಟಿಗೆ ಸೇರಿ, ಎಲ್ಲರಿಗೂ ಕಾಣುವ ಹಾಗೆ, ಆನ್‌ಲೈನ್‌ನಲ್ಲೇ ಗಣಿತ ಮಾಡಬಹುದಾ? ಸಾಮಾನ್ಯವಾಗಿ ಗಣಿತಜ್ಞರು ಪೂರ್ತಿ ಆಗುವವರೆಗೆ ಏನನ್ನೂ ತೋರಿಸುವುದಿಲ್ಲ. ಇಲ್ಲಿ ನಿಯಮವೇ ಬೇರೆ. ಸಣ್ಣ ಯೋಚನೆ ಬಂದರೂ ಬರೆಯಿರಿ, ಅರೆಬೆಂದದ್ದಾದರೂ ಬರೆಯಿರಿ, ಒಬ್ಬರೇ ಕೂತು ಉದ್ದಕ್ಕೆ ಬೆಳೆಸಬೇಡಿ. ಅವರು ಎತ್ತಿಕೊಂಡ ಪ್ರಮೇಯವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಮಕ್ಕಳು ಆಡುವ ಸೊನ್ನೆ-ಇಂಟು ಆಟದ ಮೂರು ಮೂರು ಮನೆಗಳ ಚೌಕವನ್ನು ಎರಡು ಆಯಾಮಕ್ಕೇ ಬಿಡದೆ ಹತ್ತು, ನೂರು, ಇನ್ನೂ ಎಷ್ಟೋ ಆಯಾಮಕ್ಕೆ ಬೆಳೆಸುತ್ತಾ ಹೋಗಿ. ಒಟ್ಟು ಮನೆಗಳಲ್ಲಿ ಒಂದು ನಿಗದಿತ ಪಾಲನ್ನು, ಅದು ನೂರಕ್ಕೆ ಒಂದೇ ಆಗಲಿ, ಗುರುತು ಮಾಡಿದರೆ, ಆಯಾಮ ಸಾಕಷ್ಟು ದೊಡ್ಡದಾದಾಗ ಗುರುತಾದ ಮೂರು ಮನೆಗಳು ಒಂದು ಸಾಲಿನಲ್ಲಿ ಬಂದೇ ತೀರುತ್ತವೆ. ಇದು ನಿಜ ಅಂತ 1991ರ ಹೊತ್ತಿಗೇ ಫರ್ಸ್ಟನ್‌ಬರ್ಗ್ ಮತ್ತು ಕಟ್ಸ್‌ನೆಲ್ಸನ್ ಸಾಧಿಸಿದ್ದರು, ಆದರೆ ಬಹಳ ಸುತ್ತಿನ ದಾರಿಯಲ್ಲಿ. ನೇರವಾದ ದಾರಿ ಬೇಕಿತ್ತು. ಟೆರೆನ್ಸ್ ಟಾವೊ ಅವರಂಥ ಇನ್ನೊಬ್ಬ ಫೀಲ್ಡ್ಸ್ ಪದಕದವರು ಬಂದರು. ಅಮೆರಿಕದ ಒಬ್ಬ ಹೈಸ್ಕೂಲ್ ಮೇಷ್ಟ್ರೂ ಬಂದರು! ಆರೇಳು ವಾರದಲ್ಲಿ ಆ ನೇರವಾದ ದಾರಿ ಸಿಕ್ಕಿತು. ಪ್ರಬಂಧಕ್ಕೆ ಯಾರದೂ ಹೆಸರಿಲ್ಲ, ಡಿ.ಎಚ್.ಜೆ. ಪಾಲಿಮ್ಯಾತ್ ಅಂತ ಎಲ್ಲರಿಗೂ ಸೇರಿ ಒಂದು ಹೆಸರು.

ಆಮೇಲೆ 2013ರಲ್ಲಿ ಯಿಟಾಂಗ್ ಝಾಂಗ್ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಒಂದು ಅದ್ಭುತ ಫಲಿತಾಂಶ ಕೊಟ್ಟರು. 11 ಮತ್ತು 13, 17 ಮತ್ತು 19, ಹೀಗೆ ಎರಡರ ಅಂತರದ ಅವಳಿಗಳು ಮುಗಿಯುವುದೇ ಇಲ್ಲವಾ ಅನ್ನುವುದು ಹಳೆಯ ಪ್ರಶ್ನೆ, ಇನ್ನೂ ಬಗೆಹರಿದಿಲ್ಲ. ಝಾಂಗ್ ತೋರಿಸಿದ್ದು, 7 ಕೋಟಿಗಿಂತ ಕಡಿಮೆ ಅಂತರದ ಜೋಡಿಗಳಂತೂ ಮುಗಿಯುವುದಿಲ್ಲ ಅಂತ. 7 ಕೋಟಿ ದೊಡ್ಡದು ಅನ್ನಿಸಬಹುದು, ಆದರೆ ಅದಕ್ಕೆ ಮೊದಲು ಯಾವ ಮಿತಿಯೂ ಇರಲಿಲ್ಲ. ಕೂಡಲೇ ಟಾವೊ ಮತ್ತು ಜೊತೆಗಾರರು ಅದೇ ಪಾಲಿಮ್ಯಾತ್ ರೀತಿಯಲ್ಲಿ, ಎಲ್ಲರೂ ನೋಡುವ ಹಾಗೆ, ಆ ಅಂಕಿಯನ್ನು ಇಳಿಸುತ್ತಾ ಹೋದರು. ಕೆಲವೇ ತಿಂಗಳಲ್ಲಿ 4,680ಕ್ಕೆ ಬಂತು. ಅದೇ ವರ್ಷದ ಕೊನೆಗೆ ಜೇಮ್ಸ್ ಮೇನಾರ್ಡ್ ಒಬ್ಬರೇ ಬೇರೆ ದಾರಿಯಲ್ಲಿ 600ಕ್ಕೆ ತಂದರು. ಎರಡನ್ನೂ ಸೇರಿಸಿಕೊಂಡು ಗುಂಪು 2014ರಲ್ಲಿ 246 ಮುಟ್ಟಿತು. ಒಬ್ಬರೇ ಕೂತು ಯೋಚಿಸುವುದೂ ಬೇಕು, ಹತ್ತು ಜನ ಸೇರುವುದೂ ಬೇಕು, ಈ ಕಥೆಯಲ್ಲಿ ಎರಡೂ ಇವೆ.

ಇನ್ನೊಂದನ್ನು ಬೇಗ ಹೇಳಿಬಿಡುತ್ತೇನೆ. 2011ರಲ್ಲಿ ಜಪಾನಿನ ಒಂದು ಅನಿಮೆ ಧಾರಾವಾಹಿಯ ಅಭಿಮಾನಿಗಳು, ಅದರ 14 ಕಂತುಗಳನ್ನು ಸಾಧ್ಯವಿರುವ ಎಲ್ಲ ಕ್ರಮಗಳಲ್ಲೂ ನೋಡಬೇಕಾದರೆ ಕನಿಷ್ಠ ಎಷ್ಟು ಕಂತು ನೋಡಬೇಕು ಅಂತ ಕೇಳಿಕೊಂಡರು. ಮೂರೇ ಕಂತಾದರೆ 123121321 ಅಂತ ಒಂಬತ್ತು ಸಾಕು, ಆರು ಕ್ರಮಗಳೂ ಅದರೊಳಗೆ ಒಂದರ ಮೇಲೊಂದು ಕೂತಿವೆ, ಹುಡುಕಿ ನೋಡಿ. ಹೆಸರು ಹೇಳದ ಒಬ್ಬರು ಕಂತು ಎಷ್ಟೇ ಇದ್ದರೂ ಇದಕ್ಕಿಂತ ಕಡಿಮೆಯಲ್ಲಿ ಆಗದು ಅನ್ನುವ ಒಂದು ಮಿತಿಯನ್ನು ಅಲ್ಲೇ ಸಾಧಿಸಿ ಹೋದರು. 14ಕ್ಕೆ ಅದು 9,388 ಕೋಟಿಗಿಂತ ಜಾಸ್ತಿ. ಗಣಿತಜ್ಞರ ಕಣ್ಣಿಗೆ ಅದು ಬಿದ್ದದ್ದು 2018ರಲ್ಲಿ. ಅವರು ಪರಿಶೀಲಿಸಿದರು, ಸರಿ ಇತ್ತು. ಬರೆದ ಪ್ರಬಂಧದಲ್ಲಿ ಮೊದಲ ಲೇಖಕರ ಜಾಗದಲ್ಲಿ ಆ ಅನಾಮಿಕರನ್ನೇ ಹಾಕಿದರು. ಆ ವ್ಯಕ್ತಿ ಯಾವ ಓದಿನವರು, ಯಾವ ಊರಿನವರು ಅಂತ ಯಾರೂ ಕೇಳಲಿಲ್ಲ, ವಾದ ಸರಿ ಇದೆಯಾ ಅಂತ ಮಾತ್ರ ನೋಡಿದರು. ಗಣಿತದ ಬಗ್ಗೆ ನನಗೆ ಅತಿ ಹೆಚ್ಚು ಹೆಮ್ಮೆ ಇರುವುದು ಇದಕ್ಕೇ.

ಇದನ್ನೆಲ್ಲ ಕನ್ನಡದಲ್ಲಿ ಮಾಡುವುದಕ್ಕೆ ಜಾಗ ಎಲ್ಲಿದೆ ಸರ್? ಇಂಗ್ಲಿಷ್ ಬಂದವರಿಗೆ ಸಾವಿರ ಕಡೆ ಇದೆ. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಎಂಟನೇ ತರಗತಿಯ ಹುಡುಗನಿಗೆ ಒಂದು ಹೊಸ ದಾರಿ ಹೊಳೆದರೆ ಯಾರಿಗೆ ಹೇಳಬೇಕು? ಫೋನಿನಲ್ಲಿ ಭಿನ್ನರಾಶಿ ಬರೆಯುವುದು ಕಷ್ಟ, ವರ್ಗಮೂಲದ ಚಿಹ್ನೆ ಸಿಗುವುದಿಲ್ಲ. ನಾವು ನೋಟ್‌ಬುಕ್ಕಿನಲ್ಲಿ ಬರೆದು ಫೋಟೋ ತೆಗೆದು ಹಾಕುತ್ತೇವೆ, ಇಲ್ಲವಾದರೆ ಮಾತಿನಲ್ಲೇ ಹೇಳುತ್ತೇವೆ. ಹಾಗೆ ಕಳಿಸಿದ್ದನ್ನೂ ನೀವು ತಗೊಳ್ಳಬಹುದು, ಫೋಟೋ ಕಳಿಸುವುದಕ್ಕೆ ಒಂದು ನಂಬರ್ ಇಟ್ಟರೆ ಸಾಕು. ಯಂತ್ರಕ್ಕೆ ಕೇಳಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ, ಇನ್ನು ಇದೆಲ್ಲ ಯಾಕೆ ಅಂತ ಹೇಳುವವರಿದ್ದಾರೆ. ಉತ್ತರ ಯಾವತ್ತೂ ಸಮಸ್ಯೆಯಾಗಿರಲಿಲ್ಲ, ನಿಮ್ಮ ಪುಟದಲ್ಲೂ ತಿರುಗಿಸಿದರೆ ಇತ್ತು. ಆ ಹುಡುಗ ತನ್ನದೇ ಮಾತಿನಲ್ಲಿ 'ಯಾಕೆಂದರೆ' ಅಂತ ಶುರು ಮಾಡಿ ಒಂದು ವಾಕ್ಯ ಬರೆಯಬೇಕು, ಇನ್ನೊಂದು ಊರಿನ ಹುಡುಗಿ ಅದರಲ್ಲಿ ಒಂದು ತೂತು ತೋರಿಸಬೇಕು, ಅವನು ಅದನ್ನು ಮುಚ್ಚಬೇಕು. ನನಗೆ ಬೇಕಾದದ್ದು ಅದು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಒಗಟು ಹಾಕಿದ ವಾರ ಉತ್ತರ ಬೇಡ. ಮುಂದಿನ ವಾರ ಮೂರು ನಾಲ್ಕು ವಾದ ಹಾಕಿ, ಒಂದಕ್ಕೊಂದು ಒಪ್ಪದವು ಇದ್ದರೆ ಇನ್ನೂ ಒಳ್ಳೆಯದು. ತಪ್ಪಾದರೂ ಚೆಂದವಾಗಿ ಯೋಚಿಸಿದ ಒಂದು ವಾದವನ್ನು, ಬರೆದವರ ಒಪ್ಪಿಗೆ ಇದ್ದರೆ, ಹಾಕಿ. ಮೂರನೇ ವಾರ ಬಗೆಹರಿಸಿ, ಬಗೆಹರಿಯದಿದ್ದರೆ ಹಾಗೆಯೇ ಹೇಳಿ. ಬಹುಮಾನ ಬೇಡ, ಬಹುಮಾನ ಇಟ್ಟರೆ ಎಲ್ಲರೂ ಉತ್ತರದ ಹಿಂದೆ ಓಡುತ್ತಾರೆ. ಮಕ್ಕಳ ಹೆಸರಿನ ಜೊತೆ ಊರು, ತರಗತಿ ಹಾಕಿ, ಅಂಕ ಹಾಕಬೇಡಿ.

ಮೊದಲ ವಾರಕ್ಕೆ ಇದನ್ನು ಇಟ್ಟುಕೊಳ್ಳಿ. ಎರಡು ಕವರುಗಳಿವೆ. ಒಂದರಲ್ಲಿರುವ ಹಣ ಇನ್ನೊಂದರಲ್ಲಿರುವುದರ ಎರಡರಷ್ಟು. ಯಾವುದರಲ್ಲಿ ಜಾಸ್ತಿ ಅಂತ ಗೊತ್ತಿಲ್ಲ. ನೀವು ಒಂದನ್ನು ತಗೊಂಡು ಬಿಚ್ಚಿದಿರಿ, 1,000 ರೂಪಾಯಿ ಇತ್ತು. ಬೇಕಾದರೆ ಇನ್ನೊಂದಕ್ಕೆ ಬದಲಿಸಿಕೊಳ್ಳಬಹುದು. ಅದರಲ್ಲಿ 500 ಇರಬೇಕು, ಇಲ್ಲವೇ 2,000 ಇರಬೇಕು. ಅರ್ಧಕ್ಕರ್ಧ ಸಾಧ್ಯತೆ ಅಂದರೆ ಸರಾಸರಿ 1,250. ಹಾಗಾದರೆ ಬದಲಿಸುವುದೇ ಲಾಭ. ಆದರೆ 1,000ದ ಜಾಗದಲ್ಲಿ ಯಾವ ಮೊತ್ತ ಇದ್ದರೂ ಇದೇ ಲೆಕ್ಕ ಬರುತ್ತದೆ, ಅಂದರೆ ಬಿಚ್ಚಿ ನೋಡದೆಯೂ ಬದಲಿಸಬೇಕು, ಬದಲಿಸಿದ ಮೇಲೆ ಅದೇ ಲೆಕ್ಕದ ಪ್ರಕಾರ ಮತ್ತೆ ಬದಲಿಸಬೇಕು, ಹೀಗೆ ಕೊನೆಯೇ ಇಲ್ಲದೆ ಬದಲಿಸುತ್ತಲೇ ಇರಬೇಕು. ಎಲ್ಲೋ ಎಡವಟ್ಟಾಗಿದೆ. ಯಾವ ವಾಕ್ಯದಲ್ಲಿ ಆಗಿದೆ ಅಂತ ಓದುಗರು ಬೆರಳಿಟ್ಟು ತೋರಿಸಲಿ. ನಮ್ಮ ಗುಂಪಿನವರಿಗೆ ನಾನು ಹೇಳಿದ್ದೇನೆ, ಮೊದಲ ಎರಡು ವಾರ ಅವರು ಯಾರೂ ಬರೆಯುವುದಿಲ್ಲ.

ಇತಿ,
ನಿವೃತ್ತ ಗಣಿತ ಶಿಕ್ಷಕಿ, ಹಾಸನ